ಮೂರು ಜನರ ಸೀಟು

ಬೆಸಗರಹಳ್ಳಿಯ ಆ ಮನೆಯಲ್ಲಿ ನೆಟ್ ಸಿಗುತ್ತಿದ್ದುದು ತಾರಸಿಯ ಮೇಲೆ ಮಾತ್ರ, ಅದೂ ನೀರಿನ ಟ್ಯಾಂಕಿನ ಪಕ್ಕ. ಅಲ್ಲಿ ಚಾಪೆ ಹಾಸಿ, ಹಳೇ ಬಿಸ್ಕತ್ತಿನ ಡಬ್ಬಕ್ಕೆ ಫೋನು ಒರಗಿಸಿ, ನಯನ ತನ್ನ ಸರದಿ ಬಂದಾಗಲೆಲ್ಲ ಸಂಜೆ ನಾಲ್ಕಕ್ಕೆ ಮೇಡಮ್ಮಾಗುತ್ತಿದ್ದಳು. ಮೊದಲ ದಿನವೇ ಕೆಳಗಿನ ಕೊಟ್ಟಿಗೆಯ ಎಮ್ಮೆ ಪಾಠದ ನಡುವೆ ಬಾಯಿ ಹಾಕಿ ಗಂಟಲು ಹರಿಯುವ ಹಾಗೆ ಕೂಗಿತ್ತು. ಮಂಡ್ಯದ ಗುತ್ತಲಿನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದ ಯತೀಶ್, “ಏನ್ ಮೇಡಂ, ಅದ್ಕೂ ಡೌಟ್ ಬಂದೈತಾ?” ಅಂದಿದ್ದ. ಎಲ್ಲರೂ ನಕ್ಕರು. ನಯನಳೂ ನಕ್ಕಳು.

ನಯನ, ಯತೀಶ್, ಶೋಭಿತಾ, ಜಾಕಿಯಾ, ನಾಲ್ವರೂ ಮಂಡ್ಯದ ಒಂದೇ ಇಂಜಿನಿಯರಿಂಗ್ ಕಾಲೇಜಿನವರು, ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. ಪರೀಕ್ಷೆಗೆ ಓದಲು ರಜೆ ಬಿಟ್ಟ ಮೇಲೆ ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದರಿಂದ ಮೊಬೈಲಿನಲ್ಲೇ ಒಟ್ಟಿಗೆ ಓದುವ ಏರ್ಪಾಡು ಮಾಡಿಕೊಂಡಿದ್ದರು. ಒಂದು ವಿಷಯಕ್ಕೆ ಐದು ಮಾಡ್ಯೂಲು. ಒಬ್ಬರು ಒಂದನ್ನು ಪೂರ್ತಿ ಓದಿ, ನೋಟ್ಸ್ ಬರೆದು, ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು. ಸಂಜೆ ಉಳಿದವರಿಗೆ ವಿಡಿಯೊದಲ್ಲಿ ಹೇಳಿಕೊಡಬೇಕು. ಗ್ರೂಪಿನ ಹೆಸರು ‘ಪಾಸಾದ್ರೆ ಸಾಕು’. ನಾಲ್ವರಿಗೆ ಹಂಚಿ ಮಿಕ್ಕ ಒಂದನ್ನು ನಯನಳ ತಲೆಗೆ ಕಟ್ಟಿದರು. ಅವಳು ಬೇಡ ಅನ್ನಲಿಲ್ಲ. ಕ್ಲಾಸಿಗೇ ಫಸ್ಟ್ ಬರುವವಳಿಗೆ ಎರಡಲ್ಲ, ಮೂರಾದರೂ ಹೊರುತ್ತೇನೆನ್ನುವ ಜಂಬವಿತ್ತು.

ಜಂಬವಿತ್ತು ಎನ್ನುವುದನ್ನು ಮುಚ್ಚಿಡುವುದೇಕೆ? ಯಾರು ಏನು ಕೇಳಿದರೂ ಮೊದಲು “ಇದು ಬೇಸಿಕ್ ಕಣ್ರೋ” ಅಂದು, ಆಮೇಲೆ ಹೇಳಿಕೊಡುತ್ತಿದ್ದಳು. ಆ ಮಾತು ಕೇಳಿಸಿಕೊಂಡವರಿಗೆ ಎಲ್ಲಿ ಚುಚ್ಚುತ್ತದೆಂದು ಒಂದು ದಿನವೂ ಯೋಚಿಸಿದವಳಲ್ಲ. ಆದರೆ ಹೇಳಿಕೊಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪುಟದ ನಡುವೆ ಗೆರೆ ಹೊಡೆದು, ಎಡಕ್ಕೆ ಕನ್ನಡದಲ್ಲಿ ಅರ್ಥ, ಬಲಕ್ಕೆ ಪರೀಕ್ಷೆಯಲ್ಲಿ ಬರೆಯಬೇಕಾದ ಇಂಗ್ಲಿಷ್ ಉತ್ತರ, ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದಳು.

ಆ ಎಡಗಡೆಯ ಕನ್ನಡವನ್ನೇ ನಂಬಿಕೊಂಡಿದ್ದವಳು ಮದ್ದೂರಿನ ಜಾಕಿಯಾ. ಹತ್ತನೇ ತರಗತಿಯವರೆಗೆ ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಪುಸ್ತಕದ ಮುಂದೆ ಕಣ್ಣು ಕಣ್ಣು ಬಿಡುತ್ತಿದ್ದಳು. ಅವಳಿಗೆ ಸ್ವಂತ ಫೋನಿರಲಿಲ್ಲ. ಅಣ್ಣ ರಿಯಾಜ್ ತನ್ನ ಹಳೇ ಫೋನನ್ನು ಸಂಜೆ ಗ್ಯಾರೇಜಿನಿಂದ ಕಳಿಸುತ್ತಿದ್ದ. ಅದರಲ್ಲಿ ಜಾಗವಿಲ್ಲವೆಂದು ದಿನವೂ ಫೋಟೊಗಳನ್ನು ಅಳಿಸಿಬಿಡುತ್ತಿದ್ದ. ಹಾಗಾಗಿ ನಯನಳ ನೋಟ್ಸ್ ಬಂದ ಕೂಡಲೇ ಜಾಕಿಯಾ ಅದನ್ನು ಅಕ್ಷರ ಬಿಡದೆ ನೂರು ಪುಟದ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಆಗಲೇ ನಾಲ್ಕು ಪೇಪರು ಫೇಲಾಗಿ ಉಳಿದಿದ್ದವು. ಐದನೆಯದೂ ಹೋದರೆ ಮೂರನೇ ವರ್ಷಕ್ಕೆ ಸೇರಿಸುತ್ತಿರಲಿಲ್ಲ, ಒಂದು ವರ್ಷ ಮನೆಯಲ್ಲೇ ಕೂರಬೇಕಿತ್ತು. ಗುರುವಾರದ ಆಪರೇಟಿಂಗ್ ಸಿಸ್ಟಮ್ಸ್ ಪೇಪರೇ ಆ ಐದನೆಯದಾಗುವ ಭಯ.

“ನಿನ್ ನಾಕ್ನೇ ಮಾಡ್ಯೂಲ್ ಒಂದ್ ಬಾಯ್ಗೆ ಬಂದ್ಬುಟ್ರೆ ಇಪ್ಪತ್ತು ಮಾರ್ಕ್ಸ್ ಗ್ಯಾರಂಟಿ ಕಣಮ್ಮಿ,” ಎಂದು ನಯನಳಿಗೆ ಹತ್ತು ಸಲ ಹೇಳಿದ್ದಳು. “ಮಿಕ್ಕಿದ್ದು ಎಂಗೋ ಕೂಡ್ಸ್ಕತೀನಿ. ಮೂವತ್ತೈದಾದ್ರೆ ನಾನು ಗೆದ್ದಂಗೆ.”

ಸೋಮವಾರ ಮಳವಳ್ಳಿಯ ಶೋಭಿತಾಳ ಪಾಠ. ಜಾಕಿಯಾ ಇನ್ನೂ ಬಂದಿರಲಿಲ್ಲ. ಪಾಠದ ನಡುವೆ ನೆಟ್ ಕೈಕೊಟ್ಟು, ಅವರ ಪರದೆಯಲ್ಲಿ ನಯನಳ ಚಿತ್ರ ಕಣ್ಣು ಅರ್ಧ ಮುಚ್ಚಿ, ಬಾಯಿ ಅರ್ಧ ತೆರೆದು ಅಲ್ಲೇ ನಿಂತುಬಿಟ್ಟಿತು. ಅವಳ ಮಾತು ಅತ್ತ ಹೋಗುತ್ತಿರಲಿಲ್ಲ. ಅವರ ಮಾತು ಮಾತ್ರ ಇವಳಿಗೆ ಚೆನ್ನಾಗಿ ಕೇಳುತ್ತಿತ್ತು.

“ಎಮ್ಮೆ ಮೇಡಂ ಔಟು!” ಅಂದ ಯತೀಶ್. “ಮೂತಿ ನೋಡು. ಬೇಗ ಫೋಟೊ ಒಡ್ಕೊ.”

“ಒಡ್ಕೊಂಡೆ. ಇರು, ಗ್ರೂಪ್‌ಗೆ ಆಕ್ತೀನಿ,” ಅಂದಳು ಶೋಭಿತಾ. ಪಾಠಕ್ಕೆಂದು ತನ್ನ ಲ್ಯಾಪ್‌ಟಾಪಿನ ಪರದೆಯನ್ನೇ ಎಲ್ಲರಿಗೂ ತೋರಿಸುತ್ತಿದ್ದೇನೆ ಎನ್ನುವುದು ಅವಳಿಗೆ ಮರೆತೇಹೋಗಿತ್ತು.

ಪರದೆಯ ಮೇಲೆ ಇನ್ನೊಂದು ಗ್ರೂಪು ತೆರೆಯಿತು. ಹೆಸರು ‘ನಯ್ನನ್ ಬುಟ್ಟು’. ಅದರೊಳಗೆ ಯತೀಶ್, ಶೋಭಿತಾ, ಜಾಕಿಯಾ. ಸೀನಿಯರ್ ಒಬ್ಬ ಕಳಿಸಿದ ಐದೂ ಮಾಡ್ಯೂಲಿನ ಪಿಡಿಎಫ್. ಅದರ ಕೆಳಗೆಲ್ಲ ನಯನಳ ಮುಖದ ಸ್ಟಿಕ್ಕರುಗಳು. ಒಂದರಲ್ಲಿ ಅವಳ ತಲೆಗೆ ಎಮ್ಮೆಯ ಕೊಂಬು, ಕೆಳಗೆ ‘ಇದು ಬೇಸಿಕ್ ಕಣ್ರೋ’. ಇನ್ನೊಂದರಲ್ಲಿ ಅವಳ ಹಿಂದೆ ತಂತಿಯ ಮೇಲೆ ಒಣಗುತ್ತಿದ್ದ ಹರಿದ ಲಂಗಕ್ಕೆ ಕೆಂಪು ಬಣ್ಣದಲ್ಲಿ ಸುತ್ತು ಹಾಕಿ, ‘ಮೇಡಂ ಅವರ ಧ್ವಜ’ ಎಂದು ಬರೆದಿತ್ತು. ಕೊನೆಗೆ ಯತೀಶನ ಮಾತು: ‘ಎಕ್ಸಾಮ್ ಮುಗಿಯೋಗಂಟ ಸಯಿಸ್ಕಳ್ರಪ್ಪಾ.’

“ಅಯ್ಯೋ, ಸ್ಕ್ರೀನ್ ಎಲ್ರಿಗೂ ಕಾಣ್ತಾ ಐತೆ ಕಣೋ!”

“ಅವ್ಳೆಲ್ಲವ್ಳೆ? ಓಗಿ ಆಯ್ತಲ್ಲ, ಬುಡು.”

ನಯನ ಫೋನನ್ನು ಬೋರಲು ಹಾಕಿದಳು. ಎಮ್ಮೆ ಅಂದದ್ದನ್ನಾದರೂ ನುಂಗಿಕೊಳ್ಳಬಹುದಿತ್ತು. ಆ ಲಂಗ ಅವ್ವನದು. ಎದ್ದು ಹೋಗಿ ತಂತಿಯಿಂದ ಅದನ್ನು ಎಳೆದು, ಮುದ್ದೆಮಾಡಿ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಳು. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಯತೀಶ, ಶೋಭಿತಾ ಹೇಗಾದರೂ ಹಾಳಾಗಲಿ. ಜಾಕಿಯಾಳ ಹೆಸರೂ ಅಲ್ಲಿತ್ತಲ್ಲ!

ಮಂಗಳವಾರ ‘ನೆಟ್ ಇಲ್ಲ, ಪಾಠ ಮಾಡಕ್ಕಾಗಲ್ಲ, ನೋಟ್ಸ್ ಹಾಕ್ತೀನಿ’ ಎಂದು ಗ್ರೂಪಿಗೆ ತಿಳಿಸಿ, ನಾಲ್ಕನೇ ಮಾಡ್ಯೂಲು ಬರೆಯಲು ಕೂತಳು. ಕಂಪ್ಯೂಟರಿನ ಮೆಮೊರಿಯಲ್ಲಿ ಜಾಗ ಸಾಲದೆ ಬಂದಾಗ ಯಾವುದನ್ನು ಹೊರಗೆ ಹಾಕಬೇಕು ಎನ್ನುವುದೇ ಆ ಪಾಠ. ನಯನ ಅದನ್ನು ಮದ್ದೂರು ಬಸ್ಸಿಗೆ ಹೋಲಿಸಿ ಬರೆದಳು. ಮೂರು ಜನರ ಸೀಟು, ನಾಲ್ಕನೆಯವನು ಹತ್ತಿದ, ಯಾರು ಏಳಬೇಕು? ಒಂದು ಪದ್ಧತಿಯಲ್ಲಿ, ಎಲ್ಲರಿಗಿಂತ ಮೊದಲು ಬಂದು ಕೂತವನು ಏಳಬೇಕು. ಇನ್ನೊಂದು ಪದ್ಧತಿಯಲ್ಲಿ, ಬಹಳ ಹೊತ್ತಿನಿಂದ ಯಾರೂ ಮಾತಾಡಿಸದೆ ಕೂತವನು ಏಳಬೇಕು. ಇಷ್ಟನ್ನೂ ಸರಿಯಾಗಿಯೇ ಬರೆದು, ಎರಡು ಪದ್ಧತಿಗಳ ಹೆಸರನ್ನು ಮಾತ್ರ ಅದಲುಬದಲು ಮಾಡಿದಳು. ಲೆಕ್ಕಗಳನ್ನೂ ಆ ತಪ್ಪಿಗೇ ಹೊಂದಿಸಿ ಬಿಡಿಸಿದಳು. ಮುಂದಿನ ಎರಡು ಸೂತ್ರಗಳಲ್ಲಿ ಕೂಡುವ ಕಡೆ ಕಳೆದಳು. ಅಕ್ಷರ ಎಂದಿಗಿಂತ ಚೆನ್ನಾಗಿ ಬಂತು.

ಜಾಕಿಯಾಳ ನಾಲ್ಕು ಪೇಪರು ಅವಳಿಗೆ ನೆನಪಿತ್ತು. ಸಿಟ್ಟಿನಲ್ಲಿ ಮರೆತಳು ಅಂದರೆ ಸುಳ್ಳಾಗುತ್ತದೆ. ನೆನಪಿದ್ದೂ ಬರೆದಳು, ಫೋಟೊ ಹೊಡೆದು ಕಳಿಸಿದಳು.

ಬುಧವಾರ ಸಂಜೆ ಜಾಕಿಯಾಳ ಫೋನು ಬಂತು.

“ನಯ್ನಾ, ಒಂದ್ ಮಾತು ಒಟ್ಟೇಲಿ ಇಟ್ಕೊಂಡು ಸಾಯ್ತಾ ಇವ್ನಿ ಕಣೆ. ಯೋಳ್ಬುಡ್ತೀನಿ. ಅವ್ರು ನಿನ್ನ ಬುಟ್ಟು ಒಂದ್ ಗ್ರೂಪ್ ಮಾಡವ್ರೆ. ನನ್ನ ಕೇಳ್ದೇನೆ ಸೇರ್ಸುದ್ರು. ಮೊದುಲ್ನೇ ದಿನವೇ ನಯ್ನನ್ನೂ ಸೇರ್ಸಿ, ಇಂಗೆಲ್ಲ ಆಡ್ಬೇಡಿ ಅಂತ ಅಂದೆ. ನಕ್ಬುಟ್ರು. ಅದ್ರಲ್ಲಿ ಒಂದ್ ಪಿಡಿಎಫ್ ಐತೆ ಅಂತ ಸುಮ್ನಿದ್ದೆ. ತಪ್ಪಾಯ್ತು ಕಣಮ್ಮಿ.”

“ಆ ಪಿಡಿಎಫ್ ಓದಿದ್ಯಾ?” ಅಂದಳು ನಯನ.

“ಎಲ್ಲಿ ಓದ್ಲಿ? ಅದ್ರ ಇಂಗ್ಲಿಸು ನನ್ ತಲೆಗೇ ಓಗಲ್ಲ. ಅವರಿಬ್ರೂ ಅದ್ನೇ ಓದ್ತಾವ್ರೆ, ನಿನ್ ನೋಟ್ಸ್ ತೆಗ್ದೂ ನೋಡ್ಲಿಲ್ವಂತೆ. ನಂಗೆ ನಿಂದೇ ಗತಿ. ಬಸ್ಸು, ಮೂರ್ ಜನದ್ ಸೀಟು, ಪೂರ್ತಿ ಬಾಯ್ಪಾಠ ಆಗೋಯ್ತು. ನಮ್ಮಮ್ಮಂಗೂ ಯೋಳ್ಕೊಟ್ಟೆ, ಅವ್ರ್ಗೂ ಅರ್ಥ ಆಯ್ತು ನೋಡು!”

ಫೋನಿನ ಆ ಕಡೆ ಅವಳ ತಾಯಿ ಸರ್ವರ್ ಬೇಗಂ ನಗುವುದು ಕೇಳಿಸಿತು. ‘ಪುಸ್ತಕ ತಗೊ, ಎರಡು ಹೆಸರು ಅದಲುಬದಲು ಮಾಡ್ಕೊ, ಸೂತ್ರದಲ್ಲಿ ಕಳೆಯೋ ಕಡೆ ಕೂಡು’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಹೇಳಿದರೆ ಇವಳು ಯಾಕೆ ಅನ್ನುತ್ತಾಳೆ. ಆಮೇಲೆ ಯತೀಶನ ಕಿವಿಗೆ ಬೀಳುತ್ತದೆ, ಅವನು ಕಾಲೇಜಿಗೆಲ್ಲ ಹೊಸ ಸ್ಟಿಕ್ಕರು ಹಂಚುತ್ತಾನೆ. ನಯನ ಅದನ್ನೆಲ್ಲ ಒಂದೇ ಉಸಿರಿಗೆ ಯೋಚಿಸಿದಳು.

“ಸರಿ, ಓದ್ಕೊ,” ಎಂದು ಫೋನಿಟ್ಟಳು. ಬೆಳಿಗ್ಗೆ ಮುಖತಃ ಹೇಳಿದರಾಯಿತು ಎಂದುಕೊಂಡಳು.

ಬೆಳಿಗ್ಗೆ ಕಾಲೇಜಿನ ಗೇಟಿನಲ್ಲಿ ಜಾಕಿಯಾ ಕಣ್ಣು ಮುಚ್ಚಿಕೊಂಡು, ಬೆರಳು ಮಡಚುತ್ತ, ಪಾಠವನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದಳು. ಒಂದು ಪದ ತಪ್ಪಲಿಲ್ಲ. ನಯನ ಬರೆದುಕೊಟ್ಟ ತಪ್ಪುಗಳಲ್ಲೂ ಒಂದನ್ನೂ ಬಿಡಲಿಲ್ಲ. “ಸರಿನಾ?” ಅಂದು ಕಣ್ಣು ಬಿಟ್ಟಳು. ಅಷ್ಟರಲ್ಲಿ ಯತೀಶ್ ಬಂದು ಪಕ್ಕದಲ್ಲಿ ನಿಂತು, “ಏನ್ ಮೇಡಂ, ಕೊನೇ ಪಾಠವಾ?” ಎಂದು ಹಲ್ಲು ಬಿಟ್ಟ. ನಯನ ತಲೆಯಾಡಿಸಿ ಒಳಗೆ ಹೋದಳು. ಆ ತಲೆಯಾಡಿಸಿದ್ದನ್ನು ಜಾಕಿಯಾ ಹೌದು ಎಂದೇ ತಿಳಿದಳು.

ನಾಲ್ಕನೇ ಮಾಡ್ಯೂಲಿನಿಂದ ಬಂದದ್ದು ಅದೇ ಪ್ರಶ್ನೆ. ಪರೀಕ್ಷೆ ಮುಗಿಸಿ ಬಂದ ನಯನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಗ್ರೂಪಿಗೆ ಹಾಕಿದ್ದ ತನ್ನ ಹತ್ತು ಫೋಟೊಗಳನ್ನು ಒಂದೊಂದಾಗಿ ಎಲ್ಲರ ಫೋನಿನಿಂದಲೂ ಅಳಿಸಿದಳು. ಮನೆಗೆ ಬಂದು ಮೂಲ ಹಾಳೆಗಳನ್ನು ನೀರೊಲೆಗೆ ಹಾಕಿದಳು.

ಫಲಿತಾಂಶ ಬಂದಾಗ ನಯನಳಿಗೆ ಎಂಬತ್ತಾರು, ಯತೀಶನಿಗೆ ಅರವತ್ತೊಂದು, ಶೋಭಿತಾಳಿಗೆ ಐವತ್ತೆಂಟು. ಜಾಕಿಯಾಳಿಗೆ ಇಪ್ಪತ್ತೊಂಬತ್ತು.

ಹದಿನೈದು ದಿನದ ಮೇಲೆ ಜಾಕಿಯಾ ಮದ್ದೂರಿನಿಂದ ಬಸ್ಸು ಹಿಡಿದು ಬೆಸಗರಹಳ್ಳಿಗೇ ಬಂದಳು. ನಯನಳ ಅವ್ವ ಇಂದ್ರಮ್ಮ ನೀರುಮಜ್ಜಿಗೆ ಕೊಟ್ಟು, “ತಾರ್ಸಿ ಮ್ಯಾಲವ್ಳೆ, ಓಗವ್ವಾ,” ಅಂದರು. ಜಾಕಿಯಾ ಚಾಪೆಯ ಮೇಲೆ ಕೂತು, ಯೂನಿವರ್ಸಿಟಿಯಿಂದ ತರಿಸಿದ್ದ ತನ್ನ ಉತ್ತರಪತ್ರಿಕೆಯ ಜೆರಾಕ್ಸನ್ನೂ ನೂರು ಪುಟದ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟಳು. ನಾಲ್ಕನೇ ಮಾಡ್ಯೂಲಿಗೆ ಇಪ್ಪತ್ತಕ್ಕೆ ಮೂರು ಬಿದ್ದಿತ್ತು.

“ನೀನು ಬರ್ಕೊಟ್ಟಂಗೇ ಬರ್ದಿವ್ನಿ ನೋಡು. ಆದ್ರೂ ಎಲ್ಲಾ ರಾಂಗ್ ಆಕವ್ರೆ. ಪೇಪರ್ ತಿದ್ದೋರು ತಪ್ಪು ಮಾಡವ್ರೇನೋ ಅಂತ. ವರ್ಸ ಓಯ್ತದೆ ಕಣಮ್ಮಿ. ನೀನು ಒಂದ್ ಮಾತೇಳು, ಇನ್ನೊಂದ್ಸಲ ತಿದ್ಸಕ್ಕೆ ಅರ್ಜಿ ಆಕ್ಲಾ? ನಿನ್ ಫೋನಲ್ಲಿ ಆ ಫೋಟೊ ಐತಾ?”

“ಇಲ್ಲ. ಫೋನ್ ರಿಪೇರಿಗೆ ಕೊಟ್ಟಾಗ ಎಲ್ಲಾ ಓಯ್ತು.”

ನಯನ ಪುಸ್ತಕ ಎತ್ತಿಕೊಂಡು, ಮೊದಲ ಸಲ ನೋಡುವವಳ ಹಾಗೆ ಪುಟ ತಿರುವಿದಳು. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷು, ನಡುವೆ ಗೆರೆ. ಜಾಕಿಯಾ ಗೆರೆಯನ್ನೂ ಬಿಡದೆ ಇಳಿಸಿಕೊಂಡಿದ್ದಳು. ನಿಜ ಹೇಳಲು ನಯನಳಿಗೆ ಹೆದರಿಕೆಯಾಯಿತು.

“ನೀನೇ ಉಲ್ಟಾ ಬರ್ಕೊಂಡಿದೀಯ,” ಅಂದಳು. “ಹೆಸ್ರು ಅದಲುಬದಲು ಆಗೈತೆ, ಸೂತ್ರದಲ್ಲಿ ಕೂಡೋ ಕಡೆ ಕಳ್ದಿದೀಯ ನೋಡು. ಕಾಪಿ ಮಾಡೋವಾಗ ಗ್ಯಾನ ಎಲ್ಲಿತ್ತು? ಇದು ಬೇಸಿಕ್ ಕಣೆ.”

ಜಾಕಿಯಾ ಪುಸ್ತಕವನ್ನೂ ನಯನಳನ್ನೂ ನೋಡಿದಳು. ಒಂದು ಗಳಿಗೆಯೂ ಅನುಮಾನಪಡಲಿಲ್ಲ. ಅನುಮಾನಪಟ್ಟಿದ್ದರೆ ನಯನ ಬದುಕಿಕೊಳ್ಳುತ್ತಿದ್ದಳೇನೋ. ಜಾಕಿಯಾ ತನ್ನ ತಲೆಗೆ ತಾನೇ ಎರಡು ಸಲ ಮೊಟಕಿಕೊಂಡು, “ಥೂ ನನ್ನ! ಆವತ್ತು ಅಣ್ಣ ಫೋನಿಗೆ ಅವಸ್ರ ಮಾಡ್ತಿದ್ದ. ಅದ್ಕೇ ಇಂಗಾಗದೆ,” ಅಂದಳು. ಕಣ್ಣೊರೆಸಿಕೊಂಡು ಚೀಲದಿಂದ ಪೆನ್ನು ತೆಗೆದಳು. “ಇನ್ನೊಂದ್ಸಲ ಯೋಳ್ಕೊಡ್ತೀಯಾ? ಬೇಜಾರ್ ಮಾಡ್ಕಬೇಡ.”

ನಯನ ಹೇಳಿಕೊಟ್ಟಳು. ಮೂರು ಜನರ ಸೀಟು, ನಾಲ್ಕನೆಯವನು ಹತ್ತಿದ, ಯಾರು ಏಳಬೇಕು? ಈ ಸಲ ಎಲ್ಲವನ್ನೂ ಸರಿಯಾಗಿ ಹೇಳಿಕೊಟ್ಟಳು. ಜಾಕಿಯಾ ಹಳೆಯ ಪುಟಗಳ ಮೇಲೆ ಅಡ್ಡಗೆರೆ ಎಳೆದು, ಮತ್ತೆ ಮರೆಯದಿರಲೆಂದು ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘ನಯನ ಸರಿಯಾಗಿ ಕೊಟ್ಟಿದ್ದಳು, ಇದು ನನ್ನ ತಪ್ಪು’ ಎಂದು ಬರೆದಳು. ಬರೆದು, ಪುಸ್ತಕವನ್ನು ನಯನಳ ಕಡೆ ತಿರುಗಿಸಿದಳು.

“ಈಗ ಸರಿನಾ?”

“ಸರಿ,” ಅಂದಳು ನಯನ.