ಗೋಡೆಗೆ ಬಂದ ಮರ್ಯಾದೆ

ರೈಲು ನಿಲ್ದಾಣದ ಹಿಂಬದಿಗೆ ನಮ್ಮ ಎಂಟು ಮನೆಗಳ ಸಾಲು. ಮನೆ ಎಂದರೆ ಒಂದು ಕೋಣೆ, ಒಂದು ಒಲೆ. ಎಂಟು ಮನೆಗೂ ಸೇರಿ ಒಂದೇ ನಲ್ಲಿ. ಮಳೆ ಬಂದಾಗ ಹೊರಗಿದ್ದವನು ಕೊಡೆ ಹಿಡಿದು ಬಚಾವಾಗಬಹುದು, ಒಳಗಿದ್ದವನಿಗೆ ಆ ಭಾಗ್ಯವಿಲ್ಲ. ನಾನು ನಾಲ್ಕನೇ ಮನೆಯವನು, ಪಾರ್ಸೆಲ್ ಆಫೀಸಿನ ಹಮಾಲಿ. ಮೂರನೇ ಮನೆಯವಳು ಸುತ್ತಿಗೆಯಕ್ಕ.

ಆ ಹೆಸರು ಕೆಲಸದಿಂದ ಬಂದದ್ದು. ಗಂಡ ಹಳಿ ರಿಪೇರಿ ಮಾಡುತ್ತಿದ್ದಾಗ ಎಂಜಿನ್ನಿಗೆ ಸಿಕ್ಕಿ ಸತ್ತ. ಇಲಾಖೆ ದೊಡ್ಡ ಮನಸ್ಸು ಮಾಡಿ ಅವನ ಕೆಲಸವನ್ನೂ ಸುತ್ತಿಗೆಯನ್ನೂ ಅವಳಿಗೇ ಕೊಟ್ಟಿತು. ದಿನಾ ಮೊದಲ ಗಾಡಿ ಬರುವ ಮುಂಚೆ ಅವಳು ಐದು ಮೈಲಿ ಹಳಿಗುಂಟ ನಡೆಯಬೇಕು, ಹಳಿಯನ್ನು ಬಿಗಿದಿಡುವ ಬೆಣೆಗಳು ಸಡಿಲವಾಗಿದ್ದರೆ ಬಡಿದು ಕೂರಿಸಬೇಕು. ಒಂದು ಬೆಣೆ ಮರೆತರೆ ಪೇಪರಿನಲ್ಲಿ ಸುದ್ದಿ. ಇಪ್ಪತ್ತೆರಡು ವರ್ಷ ಮರೆಯದೆ ಇದ್ದದ್ದು ಯಾವ ಪೇಪರಿಗೂ ಸುದ್ದಿಯಲ್ಲ.

ಸೂರು ರಿಪೇರಿ ಮಾಡಿಸಿ ಎಂದು ಅವಳು ಹನ್ನೊಂದು ಅರ್ಜಿ ಹಾಕಿದ್ದಳು. ಬರೆದುಕೊಟ್ಟವನು ನಾನೇ. ಹನ್ನೊಂದಕ್ಕೂ ಒಂದೇ ಉತ್ತರ: ‘ವಯಸ್ಸಾಗಿದೆ. ಖರ್ಚು ಮಾಡುವುದು ವ್ಯರ್ಥ.’

ಅವಳ ಅತ್ತೆ ಎಂಬತ್ತು ದಾಟಿದ ಮುದುಕಿ. ಅದನ್ನು ಓದಿಸಿ ಕೇಳಿ, “ಇದು ಮನೆ ವಿಷಯ ಬರೆದಿದಾರಾ, ನನ್ನ ವಿಷಯಾನಾ?” ಎಂದಿದ್ದಳು.

ಹೀಗಿರುವಾಗ ನಮ್ಮ ಊರಿಗೆ ಪರಂಪರೆ ಬಂತು. ಹಳೆಯ ಕಟ್ಟಡ ಉಳಿಸುವ ಸಮಿತಿಯೊಂದಾಯಿತು. ಅದರ ಅಧಿಕಾರಿಗೆ ನಾವು ಪರಂಪರೆ ಸಾಹೇಬರು ಎಂದು ಹೆಸರಿಟ್ಟೆವು. ನಿಲ್ದಾಣ, ಗಡಿಯಾರ, ನೀರಿನ ಟ್ಯಾಂಕು, ಕೊನೆಗೆ ಹಿಂದಿನ ಕಾಲದ ದೊರೆಗಳ ಕುದುರೆ ಲಾಯವೂ ಪಟ್ಟಿ ಸೇರಿತು. ನಮ್ಮ ಸಾಲನ್ನು ಮಾತ್ರ ಕೆಡವಬೇಕಂತೆ. ನಿಲ್ದಾಣದ ಅಂದಕ್ಕೆ ಅಡ್ಡವಂತೆ.

ಸಾಲು ನೋಡಲು ಬಂದ ಸಾಹೇಬರನ್ನು ಸುತ್ತಿಗೆಯಕ್ಕ ಕೇಳಿಯೇಬಿಟ್ಟಳು. “ಸ್ವಾಮಿ, ಕುದುರೆ ಲಾಯ ಉಳಿಯುತ್ತಾ?”

“ಉಳಿಯುತ್ತಮ್ಮ. ನೂರು ವರ್ಷ ದಾಟಿದೆ.”

“ನಮ್ಮನೆ?”

“ಅದು ಬರೀ ಕೂಲಿ ಲೈನು.”

ಅವಳು ಸಾಹೇಬರನ್ನು ಒಳಗೆ ಕರೆದು, ಒಲೆಯ ಹಿಂದಿನ ಗೋಡೆಯ ಮಸಿಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿದಳು. ಇಟ್ಟಿಗೆಯ ಮೇಲೆ ಒತ್ತಿದ ಇಸವಿ ಕಂಡಿತು. ನಿಲ್ದಾಣದ ಹಣೆಯ ಮೇಲಿದ್ದ ಇಸವಿಗಿಂತ ಎರಡು ವರ್ಷ ಹಿಂದಿನದು.

“ಕಟ್ಟೋರಿಗೆ ಮೊದಲು ಮಲಗೋಕೆ ಜಾಗ ಬೇಕಲ್ಲ ಸ್ವಾಮಿ,” ಎಂದಳು.

ಸಾಹೇಬರು ಗೋಡೆಯನ್ನು ಮೆಲ್ಲಗೆ ಸವರಿದರು. ಅವರ ಕಣ್ಣು ತೇವವಾಯಿತು. ನಮ್ಮ ಮನೆ ನೋಡಿ ಅತ್ತ ಮೊದಲ ಅಧಿಕಾರಿ ಅವರೇ. ಗೆದ್ದೆವು ಎಂದು ಎಂಟು ಮನೆಯವರೂ ನಲ್ಲಿಯ ಹತ್ತಿರ ನಿಂತು ಚಹಾ ಕುಡಿದೆವು.

ತಿಂಗಳೊಳಗೆ ಕಾಗದ ಬಂತು. ನಮ್ಮ ಸಾಲು ಈಗ ಪಾರಂಪರಿಕ ಕಟ್ಟಡ. ಆದ್ದರಿಂದ ನಾವು ಖಾಲಿ ಮಾಡಬೇಕು. ಅಡುಗೆಯ ಹೊಗೆ ಇಟ್ಟಿಗೆಗೆ ಕೆಟ್ಟದ್ದಂತೆ, ಉಸಿರಿನ ತೇವ ಗಾರೆಗೆ ಆಗದಂತೆ. ಗೋಡೆಗೆ ಎಷ್ಟು ಮರ್ಯಾದೆ ಬಂತೆಂದರೆ ಅದರ ಮುಂದೆ ನಾವು ಉಸಿರಾಡುವ ಹಾಗೂ ಇರಲಿಲ್ಲ. ಬದಲಿ ಮನೆ ಊರಾಚೆ, ಹನ್ನೆರಡು ಮೈಲಿ ದೂರ.

ಸುತ್ತಿಗೆಯಕ್ಕ ನನ್ನನ್ನೂ ಕರೆದುಕೊಂಡು ಸಮಿತಿಯ ಆಫೀಸಿಗೆ ಹೋದಳು.

“ಮೊದಲ ಗಾಡಿಗೆ ಮುಂಚೆ ನಾನು ಹಳಿ ಮೇಲಿರಬೇಕು. ಅಷ್ಟು ದೂರದಿಂದ ಹೇಗೆ ಬರ್ಲಿ ಸ್ವಾಮಿ?”

“ಮೊದಲ ಗಾಡಿ ಹತ್ತಿ ಬಾ.”

“ಹಳಿ ನೋಡೋ ಮುಂಚೇನೇ ಗಾಡಿ ಬಿಡ್ತೀರಾ?”

ಸಾಹೇಬರಿಗೆ ರೇಗಿತು. “ನಿಮ್ಮನ್ನೇನೂ ಮರೆತಿಲ್ಲಮ್ಮ. ನಿನ್ನ ಮನೇಲೇ ‘ಕಾರ್ಮಿಕರ ಬದುಕು’ ಅಂತ ಪ್ರದರ್ಶನ ಇಡ್ತೀವಿ. ಒಲೆ ಮುಂದೆ ಒಂದು ಹೆಂಗಸಿನ ಗೊಂಬೆ. ಥೇಟ್ ನಿನ್ನ ಹಾಗೇ ಇರುತ್ತೆ.”

ಮನೆಗೆ ಬಂದು ಅವಳು ಇದನ್ನು ಹೇಳಿದಾಗ ಮುದುಕಿ ಕೇಳಿದಳು, “ಗೊಂಬೆ ತಲೆ ಮೇಲೂ ಸೋರುತ್ತಾ?”

“ಇಲ್ಲ ಅತ್ತೆ. ಗೊಂಬೆಗೆ ಅಂತ ಸೂರು ಹೊಸದಾಗಿ ಹೊದಿಸ್ತಾರಂತೆ.”

ಪೊಲೀಸರು ಬಂದರು, ಲಾರಿ ಬಂತು. ನಮ್ಮ ಪಾತ್ರೆ ಪಗಡ ಊರಾಚೆ ಹೋದವು. ಸುತ್ತಿಗೆಯಕ್ಕ ಹಿಂದಿನ ರಾತ್ರಿಯೇ ಬಂದು ನಿಲ್ದಾಣದಲ್ಲಿ ಮಲಗಿ, ಬೆಳಗ್ಗೆ ಹಳಿಗೆ ಹೋಗತೊಡಗಿದಳು. ಹನ್ನೊಂದು ಅರ್ಜಿಗೆ ಆಗದ ಸೂರು ಹದಿನೈದು ದಿನದಲ್ಲಿ ಆಯಿತು. ಗೊಂಬೆ ಪಾರ್ಸೆಲ್ಲಿನಲ್ಲಿ ಬಂತು. ಹೊತ್ತು ತಂದು ಕೂರಿಸುವ ಕೆಲಸ ನನ್ನ ಪಾಲಿಗೆ ಬಿದ್ದದ್ದರಿಂದ ಬೀಗದ ಕೈಯೂ ನನ್ನ ಹತ್ತಿರವೇ ಉಳಿಯಿತು.

ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ಟೇಪು ಕತ್ತರಿಸಿ ಮೂರನೇ ಮನೆಯ ಒಳಗೆ ಬಂದರು. ಒಲೆಯ ಮುಂದೆ ಮುದುಕಿ ಕೂತಿದ್ದಳು.

“ಆಹಾ! ಎಷ್ಟು ಜೀವಂತವಾಗಿದೆ! ಕೆನ್ನೆ ಸುಕ್ಕು ನೋಡಿ!” ಎಂದು ಅತಿಥಿಗಳು ಬೆರಳು ಚಾಚಿದರು.

“ಕೈ ತೊಳ್ಕೊಂಡಿದೀಯೇನಪ್ಪ?” ಎಂದಳು ಮುದುಕಿ.

ಅತಿಥಿಗಳು ಹೌಹಾರಿ ಹಿಂದೆ ಸರಿದರು.

“ಗೊಂಬೆ ಎಲ್ಲೋ?” ಸಾಹೇಬರು ನನ್ನ ಮೇಲೆ ಹಾರಿ ಬಿದ್ದರು.

“ಕುದುರೆ ಲಾಯದಲ್ಲಿದೆ ಸ್ವಾಮಿ. ಅಲ್ಲೂ ಸೋರಲ್ಲ.”

“ಇವರನ್ನ ಆಚೆ ಹಾಕ್ರೀ!”

“ಕೂಗಬೇಡಿ ಸ್ವಾಮಿ, ಗಾರೆ ಉದುರುತ್ತೆ,” ಎಂದಳು ಸುತ್ತಿಗೆಯಕ್ಕ, ಬಾಗಿಲಿಗೆ ಅಡ್ಡ ನಿಂತು.

ಅಷ್ಟರಲ್ಲಿ ಉಳಿದ ಏಳು ಮನೆಗಳಲ್ಲೂ ಒಲೆ ಹತ್ತಿತ್ತು. ಗಂಟುಮೂಟೆ ಸಮೇತ ಎಲ್ಲರೂ ವಾಪಸು ಬಂದಿದ್ದರು. ಪೊಲೀಸರು ಮುಂದೆ ಬರುವ ಹೊತ್ತಿಗೆ ಹಳಿ ಕೆಲಸದ ನಲವತ್ತು ಜನ ಬಂದು ಓಣಿ ತುಂಬಾ ಕೂತರು.

ನಿಲ್ದಾಣದಲ್ಲಿ ಹಳೆಯ ಉಗಿಬಂಡಿಯೊಂದು ಹೂವಿನಲ್ಲಿ ಮುಚ್ಚಿಹೋಗಿ ನಿಂತಿತ್ತು. ಅತಿಥಿಗಳನ್ನು ಕೂರಿಸಿಕೊಂಡು ಅದು ಮುಂದಿನ ನಿಲ್ದಾಣದವರೆಗೆ ಹೋಗಬೇಕಿತ್ತು. ಸ್ಟೇಷನ್ ಮಾಸ್ತರರು ಓಡಿ ಬಂದು, “ಯಾಕ್ರೋ ಎಲ್ಲಾ ಇಲ್ಲಿ? ಹಳಿ ನೋಡಿದೋರು ಯಾರು?” ಎಂದರು.

“ಬೆಳಗಿನ ಗಾಡಿ ಹೋದ ಮೇಲೆ ಯಾರೂ ನೋಡಿಲ್ಲ,” ಎಂದಳು ಅಕ್ಕ. “ಧೈರ್ಯ ಇದ್ರೆ ಗಾಡಿ ಬಿಡಿ.”

ಅತಿಥಿಗಳಿಗೆ ತಟ್ಟನೆ ಬೇರೆಲ್ಲೋ ತುರ್ತು ಕೆಲಸ ನೆನಪಾಯಿತು. ಕಾರಿನಲ್ಲಿ ಹೋದರು.

ಸಂಜೆ ಹೊಸ ಕಾಗದ ಬಂತು: ಖಾಲಿ ಮಾಡುವ ಆದೇಶಕ್ಕೆ ಮೂರು ತಿಂಗಳ ತಡೆ. ಅದರ ಬೆನ್ನಿಗೇ ಇನ್ನೊಂದು ಕಾಗದ: ಸುತ್ತಿಗೆಯಕ್ಕ ಕೆಲಸದಿಂದ ಅಮಾನತು. ತಪ್ಪು ಏನೆಂದರೆ, ಪರಂಪರೆಗೆ ಧಕ್ಕೆ. ಅವಳ ಪಾಲಿನ ಐದು ಮೈಲಿಯನ್ನು ಈಗ ನಲವತ್ತು ಜನ ಸರದಿಯ ಮೇಲೆ ನಡೆಯುತ್ತಿದ್ದಾರೆ, ಬಂದ ಸಂಬಳದಲ್ಲಿ ಅವಳ ಒಲೆಗೂ ಒಂದು ಪಾಲು ತೆಗೆದಿಡುತ್ತಿದ್ದಾರೆ.

ಮೊನ್ನೆ ಮುಂದಿನ ನಿಲ್ದಾಣದ ಸಾಲುಮನೆಗಳಿಂದ ಆರು ಹೆಂಗಸರು ವಿಚಾರಿಸಿಕೊಂಡು ಬಂದಿದ್ದರು. ಅಲ್ಲಿಗೂ ಸಾಹೇಬರು ಹೋಗಿ ಗೋಡೆ ಸವರಿ ಬಂದಿದ್ದಾರಂತೆ.

“ಅತ್ತರಾ?” ಎಂದು ಕೇಳಿದಳು ಅಕ್ಕ.

“ಹೂಂ, ಅತ್ತರು.”

“ಹಾಗಾದ್ರೆ ಈಗಲೇ ಹೋಗಿ ಬಾಗಿಲಲ್ಲಿ ಕೂತ್ಕೊಳ್ಳಿ. ನಾವು ಒಂದು ಸಲ ಎದ್ದು ಹೋದ್ವಿ. ಆ ದಡ್ಡತನ ನೀವು ಮಾಡಬೇಡಿ.”