ವಾನಗಿಯ ಹಿಡಿ

"ಇಂದೂರ ಶೇಠಂದು ಉತ್ತರ ಬಂತೇನು?"

ವಿರುಪಾಕ್ಷಪ್ಪ ಬಾಗಿಲಲ್ಲೇ ನಿಂತು ಕೇಳಿದ. ಕಂಪ್ಯೂಟರ್ ಮುಂದೆ ಕೂತಿದ್ದ ದುಂಡೇಶ ತಲೆ ಎತ್ತದೆ ಇಲ್ಲವೆಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಮಹಾರಾಯ ತಲೆಯನ್ನೇಕೆ ಎತ್ತಲಿಲ್ಲ?

ಐನಾಪುರದ ಹೊರಗೆ ಈ ಇಬ್ಬರು ಬಾಲ್ಯದ ಗೆಳೆಯರು ಪಾಲಿನಲ್ಲಿ ಕಟ್ಟಿದ ಒಣದ್ರಾಕ್ಷಿ ಶೆಡ್ಡು ಅದು. ಒಣಗಿಸುವ ಕೆಲಸ ವಿರುಪಾಕ್ಷಪ್ಪನದು, ಇಮೇಲು ದುಂಡೇಶನದು. ಕಟ್ಟುಪಾಡು ಮಾತ್ರ ವಿರುಪಾಕ್ಷಪ್ಪನದೇ. ಯುಗಾದಿಯ ಬೆಳಿಗ್ಗೆ ಎಲ್ಲ ವ್ಯಾಪಾರಿಗಳಿಗೂ ಒಂದೇ ಹೊತ್ತಿಗೆ, ಒಂದೇ ಪತ್ರದಲ್ಲಿ ದರ ಮುಟ್ಟಬೇಕು. ಒಬ್ಬನ ಕಿವಿಯಲ್ಲಿ ಮೊದಲು ಊದಿದರೆ ಅದೆಂಥ ನ್ಯಾಯ? ಕೆಳಗೆ ‘ವಾನಗಿ ಪುಕ್ಕಟೆ’ ಎಂದು ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದ. ರುಚಿ ನೋಡಲು ಒಂದು ಹಿಡಿ ವಾನಗಿ ಕೊಡದವನು ವ್ಯಾಪಾರಿಯೇ ಅಲ್ಲ. ತಗೊಂಡವನು ಬಾಯಿಗೆ ಹಾಕಿದರೆ ವ್ಯವಹಾರ ಕುದುರಿತು. ತಿರುಗಿ ಕೊಟ್ಟವನ ಅಂಗೈಗೆ ಹಾಕಿದರೆ ಮುಗಿಯಿತು, ಮತ್ತೆ ಮಾತಿಲ್ಲ.

2014ರ ಯುಗಾದಿ ಕಳೆದು ಬಿಸಿಲು ಬಲಿತರೂ ಒಬ್ಬನೂ ಉಸಿರೆತ್ತಲಿಲ್ಲ. ದುಂಡೇಶ ಅದೇ ಪತ್ರವನ್ನು ಮತ್ತೆ ಮತ್ತೆ ಕಳಿಸಿದ. "ಫೋನರ ಹಚ್ಚೋಣೇನೋ?" ಅಂದ. ಮೊದಲು ಫೋನ್ ಮಾಡಿದವನೇ ದರಕ್ಕೆ ಬಗ್ಗಬೇಕು ಅನ್ನುವುದು ಈ ದಂಧೆಯ ಮಾತು, ವಿರುಪಾಕ್ಷಪ್ಪ ಬಿಲ್ಕುಲ್ ಒಪ್ಪಲಿಲ್ಲ. ಮಾರದೆ ಉಳಿದ ಹಸಿರು ಒಣದ್ರಾಕ್ಷಿ ಕಪ್ಪಾಗತೊಡಗಿತು.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ದುಂಡೇಶ ಹೊಸ ಬೈಕ್ ತಂದದ್ದು, ಫೋನ್ ಬಂದರೆ ಹೊರಗೆ ಹೋಗಿ ಮಾತಾಡುವುದು ಎಲ್ಲವೂ ಈಗ ವಿರುಪಾಕ್ಷಪ್ಪನ ಕಣ್ಣಿಗೆ ಚುಚ್ಚಿತು. ತಗಡಿನ ಶೆಡ್ಡಿನೊಳಗೆ ರೇಂಜ್ ಎಲ್ಲಿ ಸಿಗುತ್ತದೆ ಎಂದು ಹೆಂಡತಿ ಕೆಂಚವ್ವ ತಿಳಿಹೇಳಿದಳು. ಕೇಳುವ ಕಿವಿ ಇದ್ದರೆ ತಾನೆ!

ಕಡೆಗೊಂದು ದಿನ ಹಮಾಲರ ಎದುರಿಗೇ ಅಂದುಬಿಟ್ಟ. "ನಮ್ಮ ಗಿರಾಕಿಗೋಳ್ನ ಯಾರಿಗಿ ಮಾರಿದಿ, ಹೇಳಿಬಿಡ್ಲೇ."

ದುಂಡೇಶ ಎದ್ದ. ಕಂಪ್ಯೂಟರ್ ಆರಿಸಿ, ಶೆಡ್ಡಿನ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ವಾರ ಕಳೆಯುವುದರೊಳಗೆ ಇಂದೂರಿನ ಶೇಠನೇ ಫೋನ್ ಮಾಡಿದ. ಮೋಸಗಾರರ ಪತ್ರ ತಡೆಯಲು ಇಮೇಲಿನವರು ಈ ವರ್ಷ ನಿಯಮ ಬಿಗಿ ಮಾಡಿದ್ದಾರಂತೆ. ನೂರು ಜನರಿಗೆ ಒಮ್ಮೆಲೇ ಹೋಗಿ, ಅದರಲ್ಲೂ ಪುಕ್ಕಟೆ ಅಂತ ಕೂಗುವ ಪತ್ರ ಸ್ಪ್ಯಾಮ್ ಎನಿಸಿ ಸೀದಾ ಕಸಕ್ಕೆ ಬೀಳುತ್ತದಂತೆ. ನಿಮ್ಮವೂ ಅಲ್ಲೇ ಬಿದ್ದಿದ್ದವು, ಈಗ ಸಿಕ್ಕವು, ನಾನು ಬೇರೆ ಕಡೆ ಮಾಲು ತಗೊಂಡೆ ಎಂದು ಆತ ಪೇಚಾಡಿದ.

ವಿರುಪಾಕ್ಷಪ್ಪ ಫೋನ್ ಕೆಳಗಿಟ್ಟ. ನಾನೇ ಹಾಕಿದ ಕಟ್ಟುಪಾಡಿನಿಂದಾದ ತಪ್ಪಿಗೆ ಗೆಳೆಯನನ್ನು ಕಳ್ಳನೆಂದೆನಲ್ಲ ಎಂದು ಹಲುಬಿದ. ಇನ್ನೂ ಹಸಿರಾಗಿದ್ದ ದ್ರಾಕ್ಷಿ ಆರಿಸಿ, ಒಂದು ಹಿಡಿ ತಗೊಂಡು ದುಂಡೇಶನ ಮನೆಗೆ ನಡೆದ.

ದುಂಡೇಶ ಕಟ್ಟೆಯ ಮೇಲಿದ್ದ. ಅವನ ಹೆಂಡತಿ ಕೋಮಲ ನೀರಿನ ತಂಬಿಗೆ ಇಟ್ಟು ಒಳಗೆ ಹೋದಳು. ವಿರುಪಾಕ್ಷಪ್ಪ ಶೇಠ ಹೇಳಿದ್ದನ್ನು ಒಂದೂ ಬಿಡದೆ ಹೇಳಿದ. "ತಪ್ಪಾತೋ ದುಂಡೇಶ," ಎಂದು ಮುಷ್ಟಿ ಬಿಚ್ಚಿದ.

ದುಂಡೇಶ ದ್ರಾಕ್ಷಿಯನ್ನು ತನ್ನ ಅಂಗೈಗೆ ಸುರುವಿಕೊಂಡ. ಒಂದನ್ನು ಬೆಳಕಿಗೆ ಹಿಡಿದು ನೋಡಿದ.

"ಮಾಲು ಚಲೋ ಐತ್ರಿ," ಅಂದ.

ಆಮೇಲೆ, ಒಂದೂ ಕೆಳಗೆ ಬೀಳದ ಹಾಗೆ, ಎಲ್ಲವನ್ನೂ ತಿರುಗಿ ವಿರುಪಾಕ್ಷಪ್ಪನ ಅಂಗೈಗೆ ಹಾಕಿದ.