ಗಿಣ್ಣದ ಮೊದಲ ಪಾಲು

ಹಾಲಿನ ಸತ್ವ ಅಳೆಯುವ ಮೀಟರಿನ ಗಾಜಿನ ಮೇಲೆ ಒಂದು ಹನಿ ಹಾಲು ಬಿಟ್ಟು ಭೀಮಶ್ಯಾ ಅಂಕಿ ನೋಡಿದ. ಹದಿನೆಂಟು. ಇಪ್ಪತ್ತೆರಡಕ್ಕಿಂತ ಕಡಿಮೆ ಬಂದರೆ ಆ ಹಾಲನ್ನು ಎಳೆಗರುಗಳಿಗೆ ಕುಡಿಸುವಂತಿಲ್ಲ, ಸುರಿದುಬಿಡಬೇಕು. ಅದು ಡೈರಿಯ ಕಾನೂನು. ಬೆಳಗಿನ ಜಾವ ಈದ ಹಸುವಿನ ಹಾಲು ಅದು, ಅರಿಸಿನ ಕದಡಿದ ಹಾಗೆ ಹಳದಿ, ಬೆರಳಿಗೆ ಅಂಟುವಷ್ಟು ಮಂದ. ಅವನು ಬಕೆಟ್ಟನ್ನು ಚರಂಡಿಯ ಬಾಯಿಗೆ ಒಯ್ದು ಬಗ್ಗಿಸಿದ. ಹಾಲು ಹರಿದು ಮುಗಿಯುವ ತನಕ ಕಣ್ಣನ್ನು ಬೇರೆ ಕಡೆ ಇಟ್ಟುಕೊಂಡ. ಒಮಾನಿನ ಈ ಡೈರಿಗೆ ಬಂದು ಏಳು ತಿಂಗಳಾಗಿತ್ತು. ಆದರೂ ಹೀಗೆ ಸುರಿದಾಗಲೊಮ್ಮೆ ಬಾಯಲ್ಲಿ ನೀರೂರುವುದು ನಿಂತಿರಲಿಲ್ಲ.

ಊರಿನಲ್ಲಿ, ಕುರಕುಂಟಾದ ಅವನ ಮನೆಯಲ್ಲಿ ಇದ್ದದ್ದು ಒಂದೇ ಎಮ್ಮೆ. ಹಬ್ಬಗಳಿಗೆ ಪಂಚಾಂಗವುಂಟು, ಗಿಣ್ಣಕ್ಕೆ ಆ ಎಮ್ಮೆಯೇ ಪಂಚಾಂಗ. ಒಂದೂವರೆ ವರ್ಷಕ್ಕೊಮ್ಮೆ ಅದು ಈದಾಗ ಕರುವಿನ ಹೊಟ್ಟೆ ತುಂಬಿಸಿ, ಮಿಕ್ಕ ಹಾಲಿಗೆ ಅವ್ವ ಪೀರಮ್ಮ ಬೆಲ್ಲ ಕುಟ್ಟಿ ಹಾಕಿ, ಯಾಲಕ್ಕಿ ಉದುರಿಸಿ, ಮುಚ್ಚಳದ ಡಬ್ಬಿಯಲ್ಲಿ ತುಂಬಿ ಕುದಿಯುವ ನೀರಿನ ಬೋಗಾಣಿಯೊಳಗೆ ಇಡುತ್ತಿದ್ದಳು. ಮುಚ್ಚಳ ತೆಗೆದಾಗ ಮೈಯೆಲ್ಲ ಸಣ್ಣ ಸಣ್ಣ ತೂತುಗಳಾಗಿ, ಮುಟ್ಟಿದರೆ ನಡುಗುವ ಗಿಣ್ಣ. ಚಾಕುವಿನಿಂದ ಕೊರೆದರೆ ಕೊರೆದ ಗೆರೆಯಲ್ಲಿ ಕಂದು ಬಣ್ಣದ ನೀರು ಒಸರುತ್ತಿತ್ತು. ಆದರೆ ಕೊರೆದ ಕೂಡಲೇ ತಿನ್ನುವಂತಿರಲಿಲ್ಲ. ಮೊದಲ ಪಾಲು ಹೊಸ್ತಿಲು ದಾಟಿ ಹೊರಗಿನವರ ಬಾಯಿಗೆ ಬೀಳಬೇಕು. ಆಮೇಲೆ ಮನೆಯವರು. ಇಲ್ಲವಾದರೆ ಎಮ್ಮೆಯ ಕೆಚ್ಚಲು ಬತ್ತುತ್ತದೆ ಎಂದು ಪೀರಮ್ಮ ನಂಬಿದ್ದಳು. ದೀಕ್ಷೆ ತಗೊಂಡು ಬುದ್ಧವಿಹಾರಕ್ಕೆ ಹೋಗಲು ಶುರುಮಾಡಿದ ಮೇಲೆ ಎಷ್ಟೋ ನಂಬಿಕೆ ಬಿಟ್ಟಿದ್ದ ಆ ಹೆಂಗಸು ಇದೊಂದನ್ನು ಬಿಟ್ಟಿರಲಿಲ್ಲ.

ಡೈರಿಯ ಕ್ಯಾಂಪಿನಲ್ಲಿ ನೂರಾರು ಮಂದಿ ಇದ್ದರೂ ಗಿಣ್ಣ ಎಂಬ ಹೆಸರನ್ನು ಭೀಮಶ್ಯಾ ಒಬ್ಬರ ಮುಂದೆ ಮಾತ್ರ ಹೇಳಬಹುದಿತ್ತು. ಅವರು ಸ್ಟೋರಿನ ಗುರುಲಿಂಗಯ್ಯ, ತೆಂಗಳಿಯವರು. ಕ್ಯಾಂಪಿನಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ. ಐವತ್ತು ದಾಟಿದ ಜಂಗಮರು, ಹನ್ನೊಂದು ವರ್ಷದಿಂದ ಅಲ್ಲೇ ಇದ್ದರು. ಸಂಜೆ ಪಾಳಿ ಮುಗಿದ ಮೇಲೆ ಇಬ್ಬರೂ ಸ್ಟೋರಿನ ಮುಂದಿನ ಕಟ್ಟೆಯ ಮೇಲೆ ಕೂತು ವಾಡಿ ಸ್ಟೇಷನ್ನಿನ ಭಜ್ಜಿಯಿಂದ ಹಿಡಿದು ಸೇಡಂ ಸಂತೆಯ ಕೋಡುಬಳೆಯ ತನಕ ಮಾತಾಡುವರು. ಗುರುಲಿಂಗಯ್ಯ ಧಾರಾಳಿ. ತಾವು ಬಡಿದ ಜೋಳದ ರೊಟ್ಟಿಯಲ್ಲಿ ಎರಡನ್ನು ಭೀಮಶ್ಯಾನಿಗೆ ತೆಗೆದಿಡುವರು, ಊರಿನಿಂದ ಬಂದ ಶೇಂಗಾ ಹಿಂಡಿಯಲ್ಲಿ ಪಾಲು ಕೊಡುವರು. ಜ್ವರ ಬಂದಾಗ ಗಂಜಿ ಕಾಸಿ ತಂದು ಕೊಟ್ಟಿದ್ದರು. ಕೊಡುವುದಕ್ಕೆ ಹಿಂದೆ ಮುಂದೆ ನೋಡುವವರಲ್ಲ. ತಗೊಳ್ಳುವುದು ಮಾತ್ರ ಇಲ್ಲ. ಭೀಮಶ್ಯಾ ಚಹಾ ಮಾಡಿದ ದಿನ ಅವರಿಗೆ ಎದೆ ಉರಿ. ಅವನು ಉಪ್ಪಿಟ್ಟು ಮಾಡಿದ ದಿನ ಅವರದು ಒಪ್ಪತ್ತು. ಏಳು ತಿಂಗಳಲ್ಲಿ ಒಂದು ದಿನವೂ ನೆಪ ತಪ್ಪಿರಲಿಲ್ಲ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಆ ಸಂಜೆ ಗುರುಲಿಂಗಯ್ಯನವರೇ ಮಾತು ತೆಗೆದರು.

"ಏ ಭೀಮಶ್ಯಾ, ಗಿಣ್ಣದ ಹಾಲು ಚರಂಡಿಗಿ ಸುರೀತೀರಂತಲ್ಲೋ! ಖರೇನು?"

"ಖರೇ ರಿ ಅಯ್ನೋರೆ. ಇವತ್ತೊಂದ ಬಕೆಟ್ ಸುರದು ಬಂದೀನಿ."

"ಪಾಪ ಬರ್ತದೋ ತಮ್ಮಾ! ಹನ್ನೊಂದು ವರ್ಷ ಆತು ನಾ ಗಿಣ್ಣ ತಿಂದು. ರಜಾಕ್ಕ ಊರಿಗಿ ಹೋದಾಗ ಒಂದು ಎಮ್ಮೀನೂ ಈಯಂಗಿಲ್ಲ ನೋಡು, ನನ್ನ ಮ್ಯಾಗ ಅವುಕ್ಕೇನು ಸಿಟ್ಟದೋ! ಒಂದು ತಂಬಗಿ ಹಾಲು ತಂದುಕೊಡು ನನಗ. ನಾ ಮಾಡ್ಕೋತೀನಿ."

ಹಾಲು ತಂದುಕೊಡು, ನಾನು ಮಾಡ್ಕೋತೀನಿ. ಆ ಮಾತು ಭೀಮಶ್ಯಾನ ಕಿವಿಯಲ್ಲಿ ಉಳಿಯಿತು. ಡಾಕ್ಟರನ್ನು ಕೇಳಿ ನೋಡುತ್ತೇನೆ ಎಂದ. ಗುರುಲಿಂಗಯ್ಯ ಆಗಲೇ ಎದ್ದು ಹೋಗಿ ಒಂದು ಬೆಲ್ಲದ ಹೆಂಟೆ, ಕಾಗದದಲ್ಲಿ ಸುತ್ತಿದ ಯಾಲಕ್ಕಿ ತಂದು ಅವನ ಕೈಗಿಟ್ಟರು. "ನೀನೂ ನಿನ್ನ ಪಾಲಿಂದು ಮಾಡ್ಕೋ" ಎಂದರು.

ದನದ ಡಾಕ್ಟರು ಸುಡಾನಿನವರು. ಕೇಳಿದ್ದಕ್ಕೆ ನಕ್ಕು, ಸುರಿಯುವ ಹಾಲು ತಾನೇ, ಚೆನ್ನಾಗಿ ಕುದಿಸಿಕೊಳ್ಳಿ ಎಂದು ಅನುಮತಿ ಕೊಟ್ಟರು. ಎರಡು ದಿನ ಬಿಟ್ಟು ಇನ್ನೊಂದು ಹಸುವಿನ ಹಾಲಿಗೆ ಅಂಕಿ ಕಡಿಮೆ ಬಂತು. ಭೀಮಶ್ಯಾ ಒಂದು ಡಬ್ಬಿ ತುಂಬಿಕೊಂಡು ರೂಮಿಗೆ ತಂದು, ಬೆಲ್ಲ ಕರಗಿಸಿ, ಒಲೆಯ ಮೇಲೆ ಇಟ್ಟ. ಅರ್ಧ ಗಂಟೆಗೆ ಮುಚ್ಚಳ ತೆಗೆದು ಚಾಕು ಹಾಕಿದರೆ ಚಾಕು ಒಳಗೇ ಹೋಗಲೊಲ್ಲದು. ಅವ್ವನಿಗೆ ವಿಡಿಯೋ ಕಾಲ್ ಹಚ್ಚಿ ಡಬ್ಬಿಯನ್ನು ಫೋನಿನ ಮುಂದೆ ಹಿಡಿದ.

"ಏನಾತು ನೋಡಬೇ ಇದು?"

ಪೀರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಇದನ್ನ ಸೈಕಲ್ ಗಾಲಿಗಿ ಹಾಕು, ವರ್ಷಗಟ್ಟಲೆ ಬರ್ತದ. ಬರೇ ಗಿಣ್ಣದ ಹಾಲೇ ಹಾಕೀ ಏನು ಮಬ್ಬ? ಮೊದಲನೇ ದಿನದ್ದಿದ್ರ ಒಂದು ಪಾಲಿಗಿ ಮೂರು ಪಾಲು ಸಾದಾ ಹಾಲು ಬೆರಸಬೇಕು. ನಾ ಮಾಡಾಗ ಒಲಿ ಮುಂದ ಕುಂತು ಏನು ನೋಡ್ತಿದ್ದಿ?"

"ಡಬ್ಬಿ ಯಾವಾಗ ಬಿಚ್ಚತಿ ಅಂತ ನೋಡ್ತಿದ್ದೆ."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಮೊದಲ ಪಾಲು ಯಾರಿಗಿ ಕೊಡ್ತಿ ಅಲ್ಲಿ?"

"ತೆಂಗಳಿ ಅಯ್ನೋರು ಅದಾರಲ್ಲ, ಹೇಳಿದ್ನಲ್ಲ. ಹಾಲು ಕೇಳ್ಯಾರ."

"ಹಾಲು ಕೇಳ್ಯಾರೋ, ಗಿಣ್ಣ ಕೇಳ್ಯಾರೋ?"

ಭೀಮಶ್ಯಾ ಡಬ್ಬಿಯ ಮುಚ್ಚಳ ಮುಚ್ಚಿದ. ಅವನಿಗೆ ಎಂಟು ವರ್ಷ ಇದ್ದಾಗ ನಡೆದದ್ದು ಇಬ್ಬರಿಗೂ ನೆನಪಾಗಿತ್ತು. ಆ ಸಲ ಎಮ್ಮೆ ತುಂಬು ಕೆಚ್ಚಲಲ್ಲಿ ಈದು ಹಾಲು ಮನೆಗೆ ಮಿಕ್ಕಿತ್ತು. ವರ್ಷವಿಡೀ ತಾನು ಕಳೆ ತೆಗೆಯಲು ಹೋಗುತ್ತಿದ್ದ ತೊಗರಿ ಹೊಲದ ಸಾಹುಕಾರರ ಮನೆಗೆ ಪೀರಮ್ಮ ಒಂದು ಚರಿಗೆ ಗಿಣ್ಣದ ಹಾಲು ಒಯ್ದಿದ್ದಳು. ಭೀಮಶ್ಯಾ ಅವಳ ಸೆರಗು ಹಿಡಿದು ಹಿಂದೆ ಹೋಗಿದ್ದ. ಅಂಗಳಕ್ಕೆ ಹಾಸಿದ ಫರಸಿ ಕಲ್ಲುಗಳ ಆಚೆಯೇ ನಿಂತವಳಿಗೆ ಸಾಹುಕಾರರ ಹೆಂಡತಿ, ಬೈಯದೆ, ನಗುನಗುತ್ತಲೇ ಹೇಳಿದ್ದಳು: "ತಂದೀ ಏನು? ಚಲೋ ಆತು. ಅಲ್ಲಿ ನಾಯಿ ಪರಾತದಾಗ ಹಾಕಿ ಹೋಗು." ಪೀರಮ್ಮ ಹಾಕಲಿಲ್ಲ. ಚರಿಗೆ ಹಾಗೇ ಹಿಡಿದುಕೊಂಡು ಬಂದು ತಮ್ಮ ಓಣಿಯ ಇಮಾಮ್‌ಬೀಯ ಮನೆಯ ಮುಂದೆ ನಿಂತಳು. ಇಮಾಮ್‌ಬೀ ಅಲ್ಲೇ ಒಲೆ ಹಚ್ಚಿ ಗಿಣ್ಣ ಮಾಡಿ, ಬಿಸಿ ಆರುವ ಮೊದಲೇ ಬೆರಳಿನಿಂದ ಒಂದು ತುಂಡು ಕಿತ್ತು ಬಾಯಿಗೆ ಹಾಕಿಕೊಂಡು, ನಾಲಿಗೆ ಸುಟ್ಟುಕೊಂಡು, ಅಯ್ಯೋ ಅಲ್ಲಾ ಎಂದು ಕುಣಿದಿದ್ದಳು. ಪೀರಮ್ಮ ಅಂದು ನಕ್ಕಿದ್ದಳು. ದಾರಿಯಲ್ಲಿ ಅತ್ತದ್ದನ್ನು ಮಗ ನೋಡಿದ್ದ.

ಶುಕ್ರವಾರ ಡೈರಿಗೆ ಅರ್ಧ ರಜೆ. ಬೆಳಿಗ್ಗೆ ತಂದ ಹೊಸ ಹಾಲಿನ ಮುಂದೆ ಕೂತು ಭೀಮಶ್ಯಾ ಬಹಳ ಹೊತ್ತು ಯೋಚಿಸಿದ. ಒಂದು ತಂಬಿಗೆ ಎತ್ತಿಟ್ಟರೆ ಯಾರಿಗೂ ಮುಜುಗರವಿಲ್ಲ. ಅಯ್ಯನವರು ತಮ್ಮ ರೂಮಿನಲ್ಲಿ ತಾವು ಮಾಡಿ ತಿನ್ನುತ್ತಾರೆ, ಸಂಜೆ ಕಟ್ಟೆಯ ಮೇಲೆ ಎಂದಿನಂತೆ ಮಾತು ನಡೆಯುತ್ತದೆ. ಅವರು ಕೆಟ್ಟವರಲ್ಲ, ಆ ಸಾಹುಕಾರರ ಹೆಂಡತಿಯೂ ಅವರಿಗೆ ಏನೂ ಆಗಬೇಕಿಲ್ಲ. ಆದರೂ ಅವನ ಕೈ ತಂಬಿಗೆಯ ಕಡೆಗೆ ಹೋಗಲಿಲ್ಲ. ಇದ್ದ ಹಾಲನ್ನೆಲ್ಲ ಅವ್ವ ಹೇಳಿದ ಪ್ರಮಾಣಕ್ಕೆ ಬೆರೆಸಿ ಡಬ್ಬಿಗೆ ತುಂಬಿ ಒಲೆ ಹಚ್ಚಿದ.

ಈ ಸಲ ಹದ ಬಂತು. ಡಬ್ಬಿ ಅಲುಗಿಸಿದರೆ ಗಿಣ್ಣ ನಡುಗಿತು. ಯಾಲಕ್ಕಿಯ ವಾಸನೆ ರೂಮಿನ ನಾಲ್ಕು ಮಂಚಗಳ ಮೇಲೂ ಹರಡಿ ನಿಂತಿತು. ಅದೇ ಹೊತ್ತಿಗೆ ಗುರುಲಿಂಗಯ್ಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ತೊಳೆದ ಖಾಲಿ ತಂಬಿಗೆ.

"ಬಂತೇನೋ ಹಾಲು?"

"ಬರ್ರಿ ಅಯ್ನೋರೆ, ಕುಂದ್ರಿ. ಹಾಲು ಉಳದಿಲ್ರಿ. ಎಲ್ಲಾ ಗಿಣ್ಣ ಮಾಡಿಬಿಟ್ಟೀನಿ. ಮೊದಲ ಪಾಲು ನಿಮ್ಮದೇ."

ಗುರುಲಿಂಗಯ್ಯ ಡಬ್ಬಿಯನ್ನು ನೋಡಿದರು. ತಂಬಿಗೆಯನ್ನು ಆ ಕೈಯಿಂದ ಈ ಕೈಗೆ ದಾಟಿಸಿದರು.

"ನಂದು ಇನ್ನಾ ಪೂಜಿ ಆಗಿಲ್ಲೋ ಇವತ್ತ" ಎಂದರು.

ಅವರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಒಣಗಿ ಬೆಳ್ಳಗೆ ಕಾಣುತ್ತಿತ್ತು. ಭೀಮಶ್ಯಾ ಅದನ್ನು ನೋಡಿದ.

"ಮುಗಿಸ್ಕೊಂಡು ಬರ್ರಿ ಹಂಗಾದ್ರ" ಎಂದ.

"ಒಂದು ಡಬ್ಬ್ಯಾಗ ಹಾಕಿ ಕೊಡ್ತಿ ಏನು? ರೂಮಿನ್ಯಾಗ ತಿಂತೀನಿ."

"ಇಲ್ರಿ. ಇಲ್ಲೇ ತಿಂದು ಹೋಗ್ರಿ."

ಹೇಳಿದ ಮೇಲೆ ತನ್ನ ದನಿ ತನಗೇ ಗಟ್ಟಿಯಾಗಿ ಕೇಳಿಸಿತು. ಕಟ್ಟಿ ಕೊಟ್ಟದ್ದು ಬಾಯಿಗೆ ಹೋಯಿತೋ ಕಸದ ಡಬ್ಬಿಗೆ ಹೋಯಿತೋ ಯಾರು ಕಂಡಾರು? ಗುರುಲಿಂಗಯ್ಯ ಇನ್ನೊಂದು ಗಳಿಗೆ ನಿಂತು, ಬರ್ತೀನಿ ಎಂದೋ ಹೋಗ್ತೀನಿ ಎಂದೋ ತಿಳಿಯದ ಹಾಗೆ ಏನೋ ಅಂದು ಹೊರಟುಹೋದರು.

ಭೀಮಶ್ಯಾ ಡಬ್ಬಿಯ ಮುಂದೆ ಕೂತ. ಗಿಣ್ಣ ಆರುತ್ತಿತ್ತು. ಏಳು ತಿಂಗಳು ಕನಸಿನಲ್ಲಿ ತಿಂದದ್ದು ಎದುರಿಗಿದೆ, ಕೈ ಹಾಕುವಂತಿಲ್ಲ. ಇಲ್ಲಿ ಬತ್ತಲಿಕ್ಕೆ ಅವನ ಎಮ್ಮೆಯೂ ಇಲ್ಲ, ಡೈರಿಯ ಹಸುಗಳಿಗೆ ಇವನು ತಿಂದದ್ದು ಬಿಟ್ಟದ್ದು ಗೊತ್ತೂ ಆಗದು. ಆದರೂ ಆಗಲಿಲ್ಲ. ಮೊದಲ ಪಾಲು ಇಂಥವರಿಗೇ ಹೋಗಬೇಕು ಎಂದು ಅವ್ವ ಎಂದೂ ಹೇಳಿರಲಿಲ್ಲ ಎನ್ನುವುದು ಆಗ ಅವನ ಬುದ್ಧಿಗೆ ಬಂತು. ಸಾಹುಕಾರರ ಮನೆಯಿಂದ ತಿರುಗಿ ಬಂದವಳು ಚರಿಗೆ ಹಿಡಿದು ದಾರಿಯಲ್ಲೇ ನಿಂತಿರಲಿಲ್ಲ, ಮುಂದಿನ ಮನೆಗೆ ಹೋಗಿದ್ದಳು.

ಪಕ್ಕದ ರೂಮಿನ ತಸ್ಲೀಮ್ ಶುಕ್ರವಾರದ ನಮಾಜಿಗೆಂದು ಅಂಗಿ ಇಸ್ತ್ರಿ ಮಾಡುತ್ತಿದ್ದ. ಬಾಂಗ್ಲಾದವನು, ಹಾಲು ಕರೆಯುವ ಯಂತ್ರದ ಮೇಲೆ ಕೆಲಸ. ಭೀಮಶ್ಯಾ ತಟ್ಟೆಯಲ್ಲಿ ದೊಡ್ಡದೊಂದು ತುಂಡು ಹಾಕಿ ಒಯ್ದ.

"ಯೇ ಕ್ಯಾ ಹೈ ಭಾಯ್? ಪುಡಿಂಗ್?"

"ಗಿಣ್ಣ. ತಿನ್ನು... ಖಾಓ."

ತಸ್ಲೀಮ್ ನಿಂತಲ್ಲೇ ಬಾಯಿಗೆ ಹಾಕಿಕೊಂಡ. ಹುಬ್ಬು ಮೇಲೇರಿದವು. ಚರಂಡಿಗೆ ಹೋಗುವ ಹಾಲಿನದು ಎಂದು ತಿಳಿದಾಗ ಬಾಯಿ ತುಂಬಿದ್ದರಿಂದ ಬೈಯಲಿಕ್ಕೂ ಆಗದೆ ಹಣೆ ಹಣೆ ಬಡಿದುಕೊಂಡ. ಭೀಮಶ್ಯಾ ರೂಮಿಗೆ ಬಂದು ಮಂಚದ ಅಂಚಿಗೆ ಕೂತು ತನ್ನ ತುಂಡನ್ನು ಬಾಯಿಗಿಟ್ಟ. ಹಸುವಿನ ಹಾಲು, ಎಮ್ಮೆಯ ಗಿಣ್ಣದ ಜಿಡ್ಡು ಇರಲಿಲ್ಲ, ನಾಲಿಗೆಯ ಮೇಲೆ ಕೊಂಚ ಮೊದಲೇ ಕರಗಿತು. ಆದರೆ ಗಿಣ್ಣವೇ. ಕಣ್ಣು ಮುಚ್ಚಿ ಎರಡನೆಯ ತುಂಡು ತಿಂದ. ಉಳಿದದ್ದರಲ್ಲಿ ಒಂದು ಪಾಲನ್ನು ಸಂಜೆಗೆಂದು ಬಟ್ಟಲಿಗೆ ತೆಗೆದಿಟ್ಟ. ಡಬ್ಬಿಯಲ್ಲಿ ಇನ್ನೊಂದು ತುಂಡು ಉಳಿಯಿತು. ಅದು ಯಾರದು ಎಂದು ಅವನು ತನಗೆ ತಾನೇ ಹೇಳಿಕೊಳ್ಳಲಿಲ್ಲ.

ಒಂದು ತಾಸು ಬಿಟ್ಟು ಗುರುಲಿಂಗಯ್ಯ ಮತ್ತೆ ಬಂದರು. ಈ ಸಲ ಕೈಯಲ್ಲಿ ತಂಬಿಗೆ ಇರಲಿಲ್ಲ.

"ಭೀಮಶ್ಯಾ, ಸುಳ್ಳು ಹೇಳ್ದೆ ನಾ. ಪೂಜಿ ಮುಂಜಾನೇನೇ ಆಗಿತ್ತು."

"ಗೊತ್ತಿತ್ರಿ."

"ಹೆಂಗ?"

"ಇಬತ್ತಿ ಹಚ್ಕೊಂಡೇ ಬಂದಿದ್ರಲ್ರಿ."

ಗುರುಲಿಂಗಯ್ಯನವರ ಕೈ ಹಣೆಗೆ ಹೋಯಿತು. ನಗಬೇಕೋ ಬೇಡವೋ ತಿಳಿಯದೆ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. "ಸುಳ್ಳು ಹೇಳಲಿಕ್ಕೂ ಬರಂಗಿಲ್ಲ ನೋಡು ನನಗ" ಎಂದರು. ಆಮೇಲೆ ನಿಧಾನಕ್ಕೆ, ಮಾತು ಹುಡುಕಿಕೊಂಡು ಹೇಳಿದರು: "ಮನಸಿನ್ಯಾಗ ಏನೂ ಇಲ್ಲೋ ತಮ್ಮಾ. ಕೈ ಮುಂದ ಬರಂಗಿಲ್ಲ. ಸಣ್ಣಾಂವಿದ್ದಾಗಿಂದ ಹಂಗೇ ಆಗ್ಯದ ಈ ಕೈ."

ಭೀಮಶ್ಯಾನಿಗೆ ಹೇಳಲಿಕ್ಕೆ ಬೇಕಾದಷ್ಟಿತ್ತು. ಆ ಕೈ ಹಾಗೆ ಆದದ್ದರಿಂದ ಫರಸಿಯ ಆಚೆ ನಿಂತವರ ಮಾತು ಹೇಳಬಹುದಿತ್ತು. ಅದರ ಬದಲು ಡಬ್ಬಿ, ಚಮಚ ತಂದು ಅವರ ಮುಂದೆ ಮಂಚದ ಮೇಲಿಟ್ಟ. ಗುರುಲಿಂಗಯ್ಯ ಕೂತರು.

ಅವರು ತಿನ್ನುವುದನ್ನು ಕಣ್ಣಾರೆ ನೋಡಬೇಕೆಂದು ಬೆಳಗಿನಿಂದ ಹಟ ಹಿಡಿದಿದ್ದ ಭೀಮಶ್ಯಾ, ಅವರು ಚಮಚ ಎತ್ತಿದಾಗ ಎದ್ದು ಒಲೆಯ ಕಡೆಗೆ ಹೋಗಿ ಬೆನ್ನು ಮಾಡಿ ನಿಂತ. ನಳ ತಿರುಗಿಸಿ ಬೋಗಾಣಿ ತೊಳೆಯತೊಡಗಿದ. ಒಬ್ಬ ಮನುಷ್ಯನ ಬಾಯಿಗೆ ಕಾವಲು ಕೂರುವುದು ಅವನಿಗೆ ಬೇಡವೆನಿಸಿತು. ಭೀಮಶ್ಯಾ ತೊಳೆದ ಬೋಗಾಣಿಯನ್ನೇ ಮತ್ತೆ ತೊಳೆದ. ಆಮೇಲೆ ಹಿಂದಿನಿಂದ ಚಮಚ ಡಬ್ಬಿಯ ತಳಕ್ಕೆ ತಾಗಿದ ಸದ್ದು, ಮೂಲೆ ಮೂಲೆ ಕೆರೆದ ಸದ್ದು.

"ಭೀಮಶ್ಯಾ."

"ಏನ್ರಿ."

"ಇನ್ನಾ ಏನರೆ ಅದ ಏನೋ?"

ಭೀಮಶ್ಯಾ ನಳ ಬಂದ್ ಮಾಡಿ ಬಟ್ಟಲನ್ನು ಕೈಗೆತ್ತಿಕೊಂಡ. "ಅದ ರಿ. ಆದ್ರ ಅದು ನಂದು" ಎಂದ. "ಅರ್ಧ ಕೊಡ್ತೀನಿ, ತಡೀರಿ."